ಹುಟ್ಟು

ಟಿಕೆಟ್ ಹರಿಯುವುದು ನನ್ನ ಕೆಲಸ,
ಕಾರವಾರದ ಕಡಲದಂಡೆಯಲ್ಲಿ,
ಮುಳುಗಲೂ ಆಗದೆ ತೇಲಲೂ ಆಗದೆ
ಕಟ್ಟೆಯ ಮೇಲೆ ಕೂತ ಯುದ್ಧದ ದೋಣಿಗೆ.
ಒಳಗೆ ಕೊಳವೆಯ ಪಕ್ಕ ಒಂದು ತಗಡು,
ತಗಡಿನ ತುಂಬ ಅಡ್ಡದಿಡ್ಡಿ ಅಕ್ಷರ:
ಕನ್ನಡಿಯಲ್ಲಿ ಕಂಡ ಆರ್, ಮಗುಚಿಬಿದ್ದ ಎನ್.
ಹತ್ತು ವರ್ಷದಿಂದ ಒರೆಸುತ್ತಿದ್ದೇನೆ, ಓದಲು ಬಾರದು.
ಮಕ್ಕಳು ಕೇಳಿದರೆ ‘ರಷ್ಯಾದ್ದು’ ಅನ್ನುತ್ತೇನೆ,
ಮುಂದೆ ಕೇಳಬಾರದು ಅನ್ನುವ ದನಿಯಲ್ಲಿ.

ಹೋದ ಮಾಘದಲ್ಲಿ ಬಂದಳು ಜಿನಾಯಿದಾ.
ನೌಕಾನೆಲೆಯ ದೊಡ್ಡ ಹಡಗಿನ ರಿಪೇರಿಗೆ ಬಂದವನ ಹೆಂಡತಿ,
ಅವಳೂರಲ್ಲಿ ಚರಿತ್ರೆಯ ಟೀಚರು,
ನಮ್ಮ ಬಿಸಿಲಲ್ಲಿ ಬೆಂದ ಸಿಗಡಿ.
ಇಬ್ಬರದೂ ಹರಕು ಇಂಗ್ಲಿಷು, ಸಾಕಾಯಿತು.
ತಗಡು ಓದಿ ನಕ್ಕಳು:
‘ಬಲಕ್ಕೆ ತಿರುಗಿಸಿ, ಮುಚ್ಚಿ.’ ಅಷ್ಟೇ.
ನಾನದನ್ನು ಮಂತ್ರ ಅಂದುಕೊಂಡಿದ್ದೆ.

ಈ ಅಕ್ಷರ ಯಾರದ್ದು?
ಗ್ರೀಕರದ್ದು, ನೆರೆಯವರು ತಿದ್ದಿ ನಮಗೆ ಕೊಟ್ಟರು.
ದೇವರು?
ಗ್ರೀಕರ ಊರಿಂದಲೇ, ಗಂಟೆ ಧೂಪದ ಸಮೇತ.
ರಾಜ?
ಉತ್ತರದ ಕಡಲಾಚೆಯವನು. ಜಗಳ ಹರಿಯದೆ
ನಾವೇ ಕರೆದೆವು ಅಂತ ಒಂದು ಕತೆ,
ಕರೆಯದೆ ಬಂದ ಅಂತ ಇನ್ನೊಂದು.
ಹಣಕ್ಕೆ ಅನ್ನುವ ಮಾತು?
ಕುದುರೆ ಮೇಲೆ ಬಂದು ಇನ್ನೂರು ವರ್ಷ ಕಪ್ಪ ಎತ್ತಿದವರದ್ದು.
ಮತ್ತೆ ನಿಮ್ಮದು ಯಾವುದು ಮಾರಾಯ್ತಿ?
ಸ್ವಲ್ಪ ಹೊತ್ತು ಕಡಲು ನೋಡಿ ಅಂದಳು:
‘ಕೆಸರು.’

ನನಗೂ ಲೆಕ್ಕ ಶುರುವಾಯಿತು.
ನನ್ನ ಪಗಾರ, ಚಾವಿ, ಮೇಜು, ಮೂರೂ ಪೋರ್ಚುಗೀಸರವು.
ಮನೆಮಾತು ಕೊಂಕಣಿ, ನಾನು ಬರೆಯುವುದು ಕನ್ನಡದಲ್ಲಿ,
ಅಣ್ಣ ನಾಗರಿಯಲ್ಲಿ, ಪಕ್ಕದ ಮನೆ ಎಸ್ಪೆರಾನ್ಸಬಾಯಿ ರೋಮಿಯಲ್ಲಿ.
ಒಂದೇ ಬಂಗಡೆ, ಮೂರು ಬುಟ್ಟಿ.

ಟಿಕೆಟಿನ ಬೆನ್ನಿಗೆ ಅವಳು ನದಿಗಳನ್ನು ಗೀಚಿದಳು.
ಜೇನು, ಮೇಣ, ತುಪ್ಪಳ, ಕೈಕಟ್ಟಿದ ಆಳುಗಳು,
ಎಲ್ಲ ತೆಂಕಲಿಗೆ.
ಎರಡು ನದಿಯ ನಡುವೆ ನೆಲ ಅಡ್ಡ ಬಂದರೆ
ದಿಮ್ಮಿಯ ಮೇಲೆ ದೋಣಿಯನ್ನೇ ಎಳೆದರಂತೆ.
ಮಳೆಗಾಲಕ್ಕೆ ಮುಂಚೆ ಅಪ್ಪ ಎಳೆಸುತ್ತಿದ್ದದ್ದೂ ಹಾಗೇ,
ಹಗ್ಗಕ್ಕೆ ನನ್ನ ಸಣ್ಣ ಅಂಗೈ.
‘ರುಸ್’ ಅಂದರೆ ಹುಟ್ಟು ಹಾಕುವವರು,
ಅಂತ ಕೆಲವು ಪಂಡಿತರ ತರ್ಕವಂತೆ.
ನಮ್ಮ ಮಾತಲ್ಲಿ ಹುಟ್ಟು ಅಂದರೆ ಎರಡು, ಅಂದೆ.
ಇಂಗ್ಲಿಷಿನಲ್ಲಿ ಅದನ್ನು ದಾಟಿಸಲಾಗಲಿಲ್ಲ,
ದಿಮ್ಮಿ ಸಾಲಲಿಲ್ಲ.

ಹಳೆಯ ದೇವರು ಏನಾದ?
ಮರದವನು. ಬೆಳ್ಳಿ ತಲೆ, ಬಂಗಾರದ ಮೀಸೆ.
ಹೊಸ ದೇವರು ಬಂದ ವರ್ಷ ದೊರೆಯ ಅಪ್ಪಣೆ:
ಕುದುರೆ ಬಾಲಕ್ಕೆ ಕಟ್ಟಿ ಇಳಿಜಾರಿನಲ್ಲಿ ಎಳೆದರು,
ಹನ್ನೆರಡು ಜನ ಬಡಿಗೆಯಲ್ಲಿ ಬಡಿದರು, ನದಿಗೆ ನೂಕಿದರು,
ದಡಕ್ಕೆ ಬಂದಾಗಲೆಲ್ಲ ಮತ್ತೆ ನೂಕಿದರು.
ದಡದಲ್ಲಿ ಜನ ಅಳುತ್ತ ನಿಂತಿದ್ದರಂತೆ.

ನಾನು ಮಾತಾಡಲಿಲ್ಲ.
ನೌಕಾನೆಲೆಗೆಂದು ನಮ್ಮ ಊರು ಎದ್ದ ವರ್ಷ
ಜಟಗನನ್ನು ಮೀನಿನ ಟೆಂಪೋದಲ್ಲಿ ಒಯ್ದರು,
ಬರ್ಫದ ನೀರು ಸೋರುವ ಹಲಗೆಯ ಮೇಲೆ.
ಯಾರೂ ಬಡಿಯಲಿಲ್ಲ, ಸುಳ್ಳು ಯಾಕೆ ಹೇಳಲಿ.
ಪಟ್ಟಿಯಲ್ಲಿ ‘ಕಲ್ಲು, ಒಂದು’ ಅಂತ ಬರೆದರು.
ಅಜ್ಜಿ ಮಾತ್ರ ಹೈವೇವರೆಗೆ ಹಿಂದೆ ಓಡಿದಳು,
ಬಿಸಿಲಿದೆ, ತಲೆಗೊಂದು ಬಟ್ಟೆ ಹಾಕಿ ಅನ್ನುತ್ತ.

ಹೊರಡುವಾಗ ಕೆಸರಿನ ಮಾತು ಮತ್ತೆ ತೆಗೆದಳು.
ಅವಳೂರಿನ ಕೆಸರು ಮರದ ತೊಗಟೆಯನ್ನು ಕೊಳೆಯಗೊಡುವುದಿಲ್ಲ.
ಏಳುನೂರು ವರ್ಷ ದಾಟಿದ ತೊಗಟೆ, ಶಾಯಿ ಇಲ್ಲ,
ನಮ್ಮ ತಾಳೆಗರಿಯ ಹಾಗೆ ಕೊರೆದದ್ದು.
ಅದರಲ್ಲಿ ಸಾಲಾಗಿ ಅಕ್ಷರ ಕಲಿಯುತ್ತಿದ್ದ ಹುಡುಗ
ಬೇಸರ ಬಂದು ಕುದುರೆ ಬರೆದಿದ್ದಾನೆ,
ಮೇಲೆ ತನ್ನನ್ನೇ ಕೂರಿಸಿಕೊಂಡಿದ್ದಾನೆ.
ನಮ್ಮದು ಮರಳು. ಏನನ್ನೂ ಇಟ್ಟುಕೊಳ್ಳುವುದಿಲ್ಲ.

ಅದೇ ಟಿಕೆಟಿನ ಮೂಲೆಯಲ್ಲಿ ನನ್ನ ಹೆಸರು ಬರೆದಳು:
ಶೇವಂತಿ ಹರಿಕಂತ್ರ.
‘ನಮ್ಮಲ್ಲಿ ಹ ಇಲ್ಲ,’ ಪೆನ್ನು ಎತ್ತಿ ಕೇಳಿದಳು, ‘ಖ ಕೊಡಲೇ?’
ಕೊಡು, ಅಂದೆ.

ಸಂಜೆ ಲೆಕ್ಕಕ್ಕೆ ಒಂದು ಟಿಕೆಟ್ ಕಡಿಮೆ ಬಿತ್ತು.
ಪಗಾರದಿಂದ ತುಂಬಿದೆ.