ಚಾವ್

ಲೋಹಿತಾಕ್ಷ ಹಡಗಿನಿಂದ ಇಳಿದು ಬಂದದ್ದು
ಒಂದು ಕಂಬಳಿ, ಎರಡು ಟಾರ್ಚು,
ಮತ್ತೆ ಒಂದು ಮಾತು ಹಿಡಿದುಕೊಂಡು.

ಹೊಸಂಗಡಿ ರೈಲ್ವೆ ಗೇಟಿನ ಈಚೆ
ಕುಞಂಬುವಿನ ಹೋಟೆಲಿಗೆ ಕಾಲಿಟ್ಟವನೇ
"ಚಾವ್!" ಅಂದ.
ಕುಞಂಬು ಒಂದು ಗ್ಲಾಸು ಚಾ ಹೆಚ್ಚಿಗೆ ಎತ್ತಿದ.
ಒಳಗೆ ಕಡಲೆ ಬೇಯಿಸುತ್ತಿದ್ದ ಅವನ ಅಮ್ಮನಿಗೆ
ಮಲಯಾಳದಲ್ಲಿ ಕೇಳಿತು:
ಚಾವಾ? ಯಾರ ಮನೆಯಲ್ಲಿ?
ಸೌಟು ಹಿಡಿದೇ ಹೊರಗೆ ಬಂದರು.

ಯಾರೂ ಸಾಯಲಿಲ್ಲ ಅಮ್ಮಾ, ಇದು ಲಾಟ್ವಿಯದ್ದು.
ಅಲ್ಲಿ ದೋಸ್ತಿಗಳು ಸಿಕ್ಕಿದರೆ ಹೀಗೆ ಹೇಳುವುದು,
ಬಿಟ್ಟು ಹೋಗುವಾಗಲೂ ಇದೇ.
"ಬರುವುದಕ್ಕೂ ಹೋಗುವುದಕ್ಕೂ ಒಂದೇ ಮಾತಾ?
ಅಷ್ಟು ಬಡತನವಾ ಆ ಊರಲ್ಲಿ?"
ಕೇಳಿದ್ದು ಅದ್ರಾಮ.
ಅವನಿಗೆ ಮಾತಾಡಲು ನಾಲ್ಕು ಭಾಷೆ,
ಬೈಯಲು ಐದು.

ಎಂಜಿನ್ ರೂಮಿನಲ್ಲಿ ಗುಂಟಿಸ್ ಅಂತ ಒಬ್ಬ ಇದ್ದನಂತೆ,
ವೆಂಟ್ಸ್‌ಪಿಲ್ಸ್ ಎಂಬ ಬಂದರಿನವ.
ಕ್ಯಾಪ್ಟನ್ನಿಗೆ "ಲಬ್‌ದಿಯೆನ್",
ಇವನಿಗೂ ನಾಲ್ಕು ತಿಂಗಳು ಅದೇ,
ಕುತ್ತಿಗೆಯ ತನಕ ಗುಂಡಿ ಹಾಕಿದ ಅಂಗಿಯ ಹಾಗೆ.
ಒಂದು ರಾತ್ರಿ ಪಂಪು ಕೆಟ್ಟು
ಇಬ್ಬರೂ ಮೊಣಕೈವರೆಗೆ ಎಣ್ಣೆಯಲ್ಲಿ ಮುಳುಗಿ
ಬೆಳಿಗ್ಗೆ ಮೇಲೆ ಬಂದು ಬ್ರೆಡ್ಡು ಮುರಿಯುವಾಗ
ಅವನು, ಮುಖ ನೋಡದೆ,
"ಚಾವ್, ವೆತ್ಸೀತ್."

ವೆತ್ಸೀತ್ ಅಂದರೆ ಮುದುಕ.
ಇವನಿಗೆ ಆಗ ಇಪ್ಪತ್ತಾರು.
"ನಮ್ಮಲ್ಲಿ ಮಾರಾಯ ಅಂದ ಹಾಗೆ" ಅಂದ ಲೋಹಿತಾಕ್ಷ,
ಅಂದು, ಸ್ವಲ್ಪ ಹೊತ್ತು ಗ್ಲಾಸಿನ ತಳ ನೋಡಿದ.

ಆಮೇಲೆ ನಾವೆಲ್ಲ ಮುದುಕರಾದೆವು.
ಅಲ್ಲಿಯ ಮಕ್ಕಳು ಕೈಬೀಸಿ ಹೇಳುವ "ಅತಾ"
ಈಶ್ವರ ಭಟ್ಟನಿಗೆ ಮಾತ್ರ ಸಲೀಸು,
"ಆತು" ಅಂತ ಮನೆಯ ಹವ್ಯಕದಲ್ಲೇ ಉತ್ತರ ಕೊಟ್ಟು
ಸ್ಕೂಟರು ಒದೆಯುತ್ತಿದ್ದ.

ನಾನು ಆಧಾರ ಬರೆಯುವವ.
ರಿಜಿಸ್ಟ್ರಾರ್ ಆಫೀಸಿನ ಎದುರು ಬೆಂಚು, ನೀಲಿ ಶಾಯಿ,
ಹಗಲಿಡೀ ಇಂಥವರ ಮಗ ಶ್ರೀ ಇಂಥವರು.
ಲೋಹಿತಾಕ್ಷನ ಅಮ್ಮನ ಪಾಲುಪಟ್ಟಿಯಲ್ಲಿ
ತೆಂಕು ಅಂತ ಇರಬೇಕಾದಲ್ಲಿ ಬಡಗು ಅಂತ ಬರೆದೆ.
ಮೂರು ಸೆಂಟು, ಒಂದು ಬಾವಿ.
ಬಾವಿ ಚಿಕ್ಕಪ್ಪನ ಕಡೆಗೆ ಹೋಯಿತು.

ಮರುದಿನ ಬೆಂಚಿನ ಎದುರು ನಿಂತು
"ನಮಸ್ಕಾರ ರೈಗಳೇ,
ನೀವು ಒಮ್ಮೆ ನಕಲು ತೋರಿಸಬಹುದಾ?" ಅಂದ.

ನೀವು.

ಎಂತ ಸಾವು ಮಾರಾಯ ನಿನ್ನದು ಅಂತ
ಕಾಗದ ಮುಖಕ್ಕೆ ಎಸೆದಿದ್ದರೆ
ಹೆಕ್ಕಿಕೊಂಡು ನಗುತ್ತಿದ್ದೆನೇನೋ.
ಹದಿನಾಲ್ಕು ತಿಂಗಳು ನಮಸ್ಕಾರ.
ಮದುವೆಯ ಪಂಕ್ತಿಯಲ್ಲಿ ನಮಸ್ಕಾರ,
ರೇಶನ್ ಅಂಗಡಿಯ ಸಾಲಿನಲ್ಲಿ, ಸೀಮೆಎಣ್ಣೆ ವಾಸನೆಯ ನಡುವೆ, ನಮಸ್ಕಾರ.
ನಾನೂ ಕೈ ಮುಗಿದೆ,
ಯಾರದೋ ಕೈ ಬಾಡಿಗೆಗೆ ತಂದ ಹಾಗೆ.
ಕುಞಂಬು ನಮಗೆ ಬೇರೆ ಬೇರೆ ಹೊತ್ತಿಗೆ ಚಾ ಕೊಟ್ಟ,
ಏನೂ ಕೇಳಲಿಲ್ಲ.

ತಿದ್ದುಪಡಿ ಆಧಾರ ನಾನೇ ಬರೆದೆ, ಮುದ್ರೆ ಕಾಗದ ನನ್ನದೇ.
ಚಿಕ್ಕಪ್ಪನ ರುಜುವಿಗೆ ಏಳು ಸಲ
ಕಣ್ವತೀರ್ಥದ ಹೊಯಿಗೆಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆದೆ.
ಅದ್ರಾಮನ ಕೈಯಲ್ಲಿ ಕಳಿಸಿಕೊಟ್ಟೆ.
ಸಿಕ್ಕಿತು ಅಂತಲೂ ಹೇಳಿ ಕಳಿಸಲಿಲ್ಲ.

ಮೊನ್ನೆ ಗೇಟು ಬಿದ್ದಿತ್ತು.
ಮಂಗಳೂರು ಕಡೆಯ ಗೂಡ್ಸು, ಮುಗಿಯುವುದೇ ಇಲ್ಲ.
ಡಬ್ಬಿ ಡಬ್ಬಿಯ ನಡುವೆ ಆಚೆ ಬದಿ
ಒಂದು ಭುಜ, ಒಂದು ಪೆಟ್ಟಿಗೆ,
ಅದೇ ಕಂಬಳಿ,
ಮತ್ತೆ ಭುಜ.
ಪುನಃ ಹಡಗು ಹತ್ತಲಿಕ್ಕೆ ಹೊರಟಿದ್ದಾನೋ
ಕಂಬಳಿ ಯಾರಿಗೋ ಕೊಡಲಿಕ್ಕೋ ಗೊತ್ತಾಗಲಿಲ್ಲ.

ಗೇಟು ಎದ್ದಿತು.
ಹಳಿಯ ಮೇಲೆ ಎದುರೆದುರು ಬಂದೆವು.
ನನ್ನ ಕೈ ಅರ್ಧ ಜೋಡಿಸಿಕೊಂಡಿತ್ತು ಆಗಲೇ.
ಅವ ನಿಲ್ಲಲಿಲ್ಲ.
ಪೆಟ್ಟಿಗೆಯ ಮೂಲೆ ನನ್ನ ಮೊಣಕಾಲಿಗೆ ತಾಗಿಸಿ,
"ಚಾವ್, ವೆತ್ಸೀತ್."

ಬಂದದ್ದಾ, ಹೋದದ್ದಾ ಮಾರಾಯ?
ಕೇಳುವಷ್ಟರಲ್ಲಿ ಬೈಕುಗಳೆಲ್ಲ ಒಟ್ಟಿಗೆ ನುಗ್ಗಿದವು.
ಹೋಟೆಲಿನಿಂದ ಕುಞಂಬು ಕೂಗಿದ: "ಚಾ ಎಷ್ಟು?"
ನಾನು ಎರಡು ಬೆರಳು ಎತ್ತಿದೆ,
ಹಿಂದೆ ತಿರುಗಿ ನೋಡದೆ.