ಅಟ್ಟೆಗೆ ನಾಲ್ಕು ಚೆಂಡು

ಬೆಳಕು ಹರಿಯುವ ಮೊದಲೇ ಬಿಡಿಸಿ ತಂದ ಮೊಗ್ಗು
ಒದ್ದೆ ಬಟ್ಟೆಯ ಮೇಲೆ.
ಬಾಳೆನಾರು ಬೋಗುಣಿಯ ನೀರಲ್ಲಿ.
ಕಟ್ಟೆಯಲ್ಲಿ ಇವತ್ತಿನ ರೇಟು ಹೇಳುವುದರೊಳಗೆ
ಎಂಟು ಚೆಂಡು ಆಗಬೇಕು.
ಒಂದು ಚೆಂಡಿಗೆ ಎಂಟುನೂರು ಹೂ,
ನಾಲ್ಕು ಚೆಂಡಿಗೆ ಒಂದು ಅಟ್ಟೆ.
ಶಂಕರಪುರದ ಮಕ್ಕಳು ಮಗ್ಗಿ ಕಲಿಯುವುದು
ಹೀಗೆ, ಬೆರಳಲ್ಲಿ.

ಜಗಲಿಯ ತುದಿಗೆ ದೂಮಪ್ಪ ಮಾವ.
ಮೂವತ್ತೊಂದು ವರ್ಷ ಹಡಗಿನಲ್ಲಿ ಭಂಡಾರಿ,
ಇಪ್ಪತ್ತಾರು ಜನರ ಅನ್ನ ಸಾರು
ಅವನೊಬ್ಬನ ಸೌಟಿನಲ್ಲಿ.
ಈಗ ಒಲೆಯ ಮೇಲೆ ಸಾರು ತಳ ಹಿಡಿದರೂ
ಗೊತ್ತಾಗುವುದಿಲ್ಲ.
ಆ ವರ್ಷದ ಜ್ವರ ಮೂಗನ್ನು ಕೊಂಡುಹೋಯಿತು,
ಮಾತನ್ನು ಬಿಟ್ಟಿತು.

"ಫುಜಿಯಾನ್ ಅಂತ ಚೀನಾದ ಒಂದು ಸೀಮೆ" ಎಂದ,
ಯಾರೂ ಕೇಳಿರಲಿಲ್ಲ.
"ನಮ್ಮ ಹಾಗೆಯೇ. ಬೆನ್ನಿಗೆ ಗುಡ್ಡ, ಎದೆಗೆ ಕಡಲು,
ನಡುವೆ ಗದ್ದೆ ಎಷ್ಟುಂಟೋ ಅಷ್ಟೇ.
ಹೊಟ್ಟೆಗೆ ಸಾಲದವರು ಹಡಗು ಹತ್ತಿದರು.
ನಾನೂ ಹತ್ತಲಿಲ್ಲವಾ?"

ನೂರ ಹದಿನಾರು. ನೂರ ಹದಿನೇಳು.

ಚುವಾನ್‌ಚೌ ಎಂಬ ಬಂದರು,
ಅರಬರ ಬಾಯಲ್ಲಿ ಜೈತೂನ್.
ಅಲ್ಲಿ ಕೆಸರಿನಿಂದ ಎತ್ತಿದ ಹಡಗಿನ ಬುಡದಲ್ಲಿ
ಏಳುನೂರು ವರ್ಷದ ಕಾಳುಮೆಣಸು ಇತ್ತಂತೆ.
"ನಮ್ಮದಾ?" ಎಂದೆ.
"ಮೆಣಸಿನ ಮೇಲೆ ಊರು ಬರೆದಿರಲಿಲ್ಲ."

ಅಲ್ಲಿಯದೇ ಒಂದು ದೊಡ್ಡ ಬುದ್ಧನ ಗುಡಿ.
ಹಿಂದಿನ ಸಾಲಿನ ಕಂಬದಲ್ಲಿ
ಎರಡು ಮರ ಕಿತ್ತ ಹುಡುಗ.
"ಮಥುರೆಯವನು ಅಲ್ಲಿಗೆ ಹೇಗೆ ಹೋದನೋ,
ಯಾವ ಸೆಟ್ಟಿ ಕಡೆಸಿದನೋ.
ಉಡುಪಿಯಲ್ಲಿ ನನ್ನಪ್ಪ ಕಿಟಕಿಯಿಂದ ಕಂಡದ್ದು.
ಅಲ್ಲಿ ಬೆನ್ನು ಸವರಿಯೇ ಬಂದೆ ನಾನು.
ಕಾವಲಿನವ ಬೈದ. ಬೈಯಲಿ."

ಮತ್ತೆ ಸೇತುವೆಯ ಕತೆ:
ಉಪ್ಪುನೀರಿನ ಕಲ್ಲುಗಳಿಗೆ ಗಾರೆ ಹಿಡಿಯದೆ
ಚಿಪ್ಪು ಬಿತ್ತಿದರಂತೆ, ಬೀಜ ಬಿತ್ತಿದ ಹಾಗೆ.
ಅವು ಬೆಳೆದು ಕಲ್ಲಿಗೆ ಕಲ್ಲು ಅಂಟಿ
ಸಾವಿರ ವರ್ಷ ಹತ್ತಿರವಾಯಿತು.
ಬಾವಿಕಟ್ಟೆಯಿಂದ ಅಮ್ಮ:
"ಅಷ್ಟು ಚಿಪ್ಪನ್ನು ಯಾರೂ ತಿನ್ನದೆ ಬಿಟ್ಟರಾ?"

ನಗುವಿನಲ್ಲಿ ನಾರು ತುಂಡಾಯಿತು.

ಆಗ ಟ್ರಂಕಿನಿಂದ ಒಂದು ತಗಡಿನ ಡಬ್ಬಿ.
"ಫೂಚೌ ಪೇಟೆಯದ್ದು. ಮಲ್ಲಿಗೆ ಚಾ.
ಮೊ-ಲಿ ಎನ್ನುತ್ತಾರೆ ಅವರು.
ನಮ್ಮ ಕಡೆಯ ಮಲ್ಲಿಯೇ.
ದಾರಿಯಲ್ಲಿ ಅರ್ಧ ಅಕ್ಷರ ನೀರಿಗೆ ಬಿದ್ದಿರಬೇಕು."

ಮುಚ್ಚಳ ತೆರೆದೆ. ಬರೀ ಒಣ ಸೊಪ್ಪು.
"ಹೂ ಎಲ್ಲಿ?"

"ಮಧ್ಯಾಹ್ನದ ಬಿಸಿಲಲ್ಲಿ ಕೊಯ್ಯುತ್ತಾರೆ.
ರಾತ್ರಿ ಸೊಪ್ಪಿನ ಜೊತೆ ರಾಶಿ ಹಾಕುತ್ತಾರೆ.
ಕತ್ತಲಲ್ಲಿ ಅದು ಅರಳುತ್ತದೆ, ಇದು ಕುಡಿಯುತ್ತದೆ.
ಬೆಳಿಗ್ಗೆ ಜರಡಿ ಹಿಡಿದು ಹೂವನ್ನು ತೆಗೆದುಬಿಡುವುದು.
ಮರುದಿನ ಬೇರೆ ಹೂ. ಒಳ್ಳೆ ಚಾ ಆದರೆ
ಹಾಗೆ ಏಳು ಸಲ."

ನನಗೆ ಸಿಟ್ಟು ಬಂತು ನೋಡಿ.
ಯಾರೂ ಕಟ್ಟದ ಹೂ. ಯಾರೂ ಮುಡಿಯದ ಹೂ.
ದೇವರಿಗಿಲ್ಲ, ಮದುಮಗಳಿಗಿಲ್ಲ,
ಒಂದು ಚೆಂಡಿನ ಲೆಕ್ಕಕ್ಕೂ ಇಲ್ಲ!

ಮಾವ ಏನೂ ಹೇಳದೆ ಒಳಗೆ ಹೋಗಿ
ಎರಡು ಲೋಟ ಮಾಡಿ ತಂದ.
ಹಾಲಿಲ್ಲ, ಸಕ್ಕರೆಯಿಲ್ಲ,
ಗದ್ದೆಯಂಚಿನ ನೀರಿನ ಬಣ್ಣ.
ತನ್ನ ಲೋಟವನ್ನು ಮೂಗಿನ ಹತ್ತಿರ ಹಿಡಿದ,
ಅಭ್ಯಾಸ.
ಕೆಳಗಿಟ್ಟ.
"ಹೇಗುಂಟು? ನೀನು ಹೇಳು."

ಮೂರು ಸಾವಿರ ಹೂವಿನ ನಡುವೆ ಕೂತವಳು
ಏನು ಹೇಳುವುದು?
ಇನ್ನೊಂದು ಗುಟುಕು ಕುಡಿದೆ.

"ಕಟ್ಟಿ ಮುಗಿಸಿ, ಸಾಬೂನು ಹಾಕಿ ಕೈ ತೊಳೆದು,
ರಾತ್ರಿ ಊಟಕ್ಕೆ ಕೂತು ಅನ್ನ ಕಲಸುವಾಗ
ಬೆರಳಲ್ಲಿ ಇನ್ನೂ ಇರುತ್ತದಲ್ಲ ಮಾವ,
ಅಷ್ಟು."

ಅವನು ತಲೆಯಾಡಿಸಿದ, ಹಳೆಯ ಭಂಡಾರಿ:
"ಹಾಗಾದರೆ ನೀರು ಹದವಾಗಿ ಕಾದಿದೆ."

ಗೇಟಿನ ಹತ್ತಿರ ಸ್ಕೂಟರು ನಿಂತಿತು.
ಅಟ್ಟೆಗೆ ಒಂಬೈನೂರ ಐವತ್ತು.
ಐದನೆಯ ಚೆಂಡಿನ ಲೆಕ್ಕ
ಎಲ್ಲಿ ತಪ್ಪಿತೋ. ಬಿಚ್ಚಿದೆ.
ಒಂದು. ಎರಡು.