ಏಳನೆಯ ಪ್ರಶ್ನೆ

ನಾಳೆ ಬೆಳಗ್ಗೆ ಒಂದು ಗಂಟೆಗೆ ಬಾ, ಅಂದಿದ್ದಳು
ಬೀ ಮ್ವಾನಕೊಂಬೊ.
ಅಲಾರಂ ಇಟ್ಟು, ಕಣ್ಣುಜ್ಜಿಕೊಂಡು ಬಂದು
ಲಾಮುವಿನ ಕಿರುಗಲ್ಲಿಯಲ್ಲಿ
ಅವಳ ಕಲ್ಲಿನ ಜಗಲಿಯ ಮೇಲೆ ಕೂತೆ.
ಒಂದು ಕತ್ತೆ ಬಂತು, ಮೂಸಿತು,
ಓದಲು ಬಂದವಳೆಂದು ಗೊತ್ತಾಗಿ ಹೊರಟುಹೋಯಿತು.

ಬಾಂಗು ಮುಗಿದು, ಬೆಳಕು ಹರಿದು,
ನನ್ನ ಗಡಿಯಾರದಲ್ಲಿ ಏಳಾದಾಗ ಬಾಗಿಲು ತೆರೆಯಿತು.
"ಸರಿಯಾದ ಹೊತ್ತಿಗೇ ಬಂದೆಯಲ್ಲ!"
ಇಲ್ಲಿ ಎಣಿಕೆ ಸೂರ್ಯನಿಂದ ಶುರು,
ಅವನು ಹುಟ್ಟಿ ಒಂದು ತಾಸಾದರೆ ಅದು ಒಂದು.
ಆರು ತಾಸು ಕಾದದ್ದನ್ನು ನಾನು ಹೇಳಲಿಲ್ಲ.
ಕತ್ತೆಯೂ ಹೇಳಲಿಲ್ಲ.

ಕೈಯಲ್ಲಿ ಮ್ವಾಲಿಮು ಷೀ ಕೊಟ್ಟ ಹಾಳೆ, ಇಪ್ಪತ್ತು ಪ್ರಶ್ನೆ.
ಕ್ರಮ ತಪ್ಪಿಸಬೇಡಿ ಅಂದಿದ್ದರು ಮೇಷ್ಟ್ರು.
ಹೆಸರು, ವಯಸ್ಸು, ಮಕ್ಕಳು, ಬಾಗಿಲ ಕೆತ್ತನೆ ಯಾರದು,
ಅವಳು ಹಿಟ್ಟು ನಾದುತ್ತಲೇ ಉತ್ತರಿಸಿದಳು.
ಬಾಣಲೆಯಲ್ಲಿ ಮಹಮ್ರಿ ಉಬ್ಬುತ್ತಿತ್ತು,
ಏಲಕ್ಕಿಯ ಘಮಕ್ಕೆ ನನ್ನ ಸ್ವಾಹಿಲಿ ಅರ್ಧ ಮರೆತೇಹೋಯಿತು.
ಖಬರಿಗೆ ಹಬಾರಿ, ದುನಿಯಾಕ್ಕೆ ದುನಿಯಾ,
ಚಪಾತಿಗೆ ಚಪಾತಿಯೇ.
ಮಿಕ್ಕಿದ್ದು ಕೈಸನ್ನೆ.

ಗೋಡೆಯ ತುಂಬ ಗೂಡುಗಳು,
ಹವಳಗಲ್ಲಿನ ಮೇಲಿನ ಗಾರೆಯಲ್ಲಿ ಕೊರೆದವು.
ನಮ್ಮ ಮಾತಲ್ಲಿ ಹಕ್ಕಿಯದೂ ಗೂಡೇ, ದೀಪದ್ದೂ ಗೂಡೇ.
ನಿನ್ನೆ ಸಂಗ್ರಹಾಲಯದಲ್ಲಿ ಬರೆದುಕೊಂಡಿದ್ದೆ:
ಇಲ್ಲಿ ಚೀನಾದ ನೀಲಿ ಬಟ್ಟಲು ಇಡುತ್ತಿದ್ದರು,
ಈಶಾನ್ಯದ ಗಾಳಿ ತಂದ ಸಿರಿ.
ನೈಋತ್ಯದ ಗಾಳಿಯಲ್ಲಿ ಹೊರಟದ್ದು ದಂತ, ಕಾಂಡ್ಲಾ ಮರ,
ಮತ್ತೆ, ಕೊನೆಯ ಸಾಲಲ್ಲಿ, ಸಣ್ಣ ಅಕ್ಷರದಲ್ಲಿ,
ಜನ.

ಏಳನೆಯದು ಓದಿದೆ:
ಈ ಮನೆ ಎಷ್ಟು ತಲೆಮಾರಿನಿಂದ ನಿಮ್ಮದು?
ಕೈ ಹಿಟ್ಟಿನಲ್ಲೇ ನಿಂತಿತು.
"ಮನೆ ನಮ್ಮದಲ್ಲ ಮಗಳೇ. ನಾವು ಮನೆಯವು."

ವ್ಯಾಕರಣ ತಪ್ಪಿ ಕೇಳಿಸಿತೇನೋ.
ಮನೆಯವರು ಅಂದಿರಾ?
"ಅಲ್ಲ. ಮನೆಯವು.
ಮಣೆ, ಬಿಂದಿಗೆ, ಚಾಪೆ ಇದ್ದ ಹಾಗೆ."
ನಿಧಾನವಾಗಿ ಹೇಳಿದಳು,
ಪರದೇಶದ ಮಕ್ಕಳಿಗೆ ಹೇಳುವಂತೆ.

ಅಜ್ಜಿ ಬಂದದ್ದು ಒಳನಾಡಿನ ಯಾವುದೋ ದೊಡ್ಡ ಸರೋವರದಾಚೆಯಿಂದ,
ಹಾಲುಹಲ್ಲು ಬೀಳುವ ವಯಸ್ಸಲ್ಲಿ.
ದೋಣಿಯವರು ಒಂದು ಹೆಸರಿಟ್ಟರು, ಈ ಮನೆಯವರು ಇನ್ನೊಂದು.
ಮೂರನೆಯದನ್ನು, ಅಂದರೆ ಮೊದಲನೆಯದನ್ನು,
ಅವಳು ಯಾರಿಗೂ ಕೊಡಲಿಲ್ಲ.
ಬಟ್ಟಲು ಒರೆಸುವುದು ಅವಳ ಪಾಲಿನ ಕೆಲಸ.
ನಲವತ್ತೆರಡು ಬಟ್ಟಲು.
ಒಂದನ್ನು ಒಡೆದಳು.

"ಆಮೇಲೆ?" ಇದು ಹಾಳೆಯಲ್ಲಿಲ್ಲದ ಪ್ರಶ್ನೆ.
ಬೀ ಮ್ವಾನಕೊಂಬೊ ಎಡಗೈ ಎತ್ತಿ
ಎರಡು ಬೆರಳು ಮಡಿಸಿ ತೋರಿಸಿ
ಮತ್ತೆ ಹಿಟ್ಟಿಗಿಳಿದಳು.

ಕೊನೆಯ ಯಜಮಾನ ಮೊಂಬಾಸಾಕ್ಕೆ ಹೋದ, ಬಟ್ಟಲೂ ಹೋದವು.
ಛಾವಣಿ ಬಿತ್ತು. ಹಾಯಿ ಹೊಲಿಯುತ್ತಿದ್ದ ಅವಳ ಗಂಡ
ಬಿದ್ದ ಮನೆಯನ್ನು ಬಿದ್ದ ಬೆಲೆಗೆ ಕೊಂಡ.
"ಈಗ ನಮ್ಮದು. ಬರಕೋ. ಒಂದು ತಲೆಮಾರು."

ಗೂಡುಗಳಲ್ಲೀಗ ಮೊಮ್ಮಗನ ಶಾಲೆಯ ಷೂ,
ಮೊಬೈಲ್ ಚಾರ್ಜರು, ಕೆಮ್ಮಿನ ಔಷಧಿ, ಒಂದು ಪ್ಲಾಸ್ಟಿಕ್ ಗುಲಾಬಿ.
ಮೇಲಿನ ಸಾಲಲ್ಲಿ ಒಂದು ಖಾಲಿ.
ಯಾಕೆಂದು ನಾನು ಕೇಳಲಿಲ್ಲ.
ಅವಳೇ ಎದ್ದು, ಹೊದ್ದ ಲೇಸೋದ ಅಂಚಿನಿಂದ ಒರೆಸಿದಳು.
ಧೂಳೇನೂ ಇರಲಿಲ್ಲ.

ಸಂಜೆ ಮೇಷ್ಟ್ರು ಹಾಳೆ ನೋಡಿದರು.
ಏಳರ ಮುಂದೆ ಬರೀ ಒಂದು, ಎಂಟರಿಂದಾಚೆ ಬರೀ ಎಣ್ಣೆಯ ಕಲೆ.
ಯಾವ ಮನೆ, ಅಂದರು.
ಹೇಳಿದೆ.
ಬಹಳ ಹೊತ್ತು ಆ ಒಂದನ್ನೇ ನೋಡುತ್ತ ಕೂತರು.
ಪೆನ್ನಿಗೆ ಮುಚ್ಚಳ ಹಾಕಿ,
ಆ ಬಟ್ಟಲುಗಳಲ್ಲಿ ಎರಡು
ನಮ್ಮ ಅತ್ತೆಯ ಮನೆಯಲ್ಲಿವೆ, ಅಂದರು.